ಒಲ್ಲೆ ಅಂದವನ ಬುತ್ತಿ

ಟಿಕೋಟಾದಲ್ಲಿ ಬರೀ ಸೀತವ್ವ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಮಿಲಿಟ್ರಿ ಸೀತವ್ವ ಅನ್ನಿ, ಬಸ್ ಸ್ಟ್ಯಾಂಡಿನ ಚಹಾದಂಗಡಿಯವನೂ ಕೈಮಾಡಿ ದಾರಿ ತೋರಿಸುತ್ತಾನೆ. ಹಾಗಂತ ಆಕೆ ಬಂದೂಕು ಹಿಡಿದವಳಲ್ಲ. ಹುಟ್ಟಿದ್ದು ಬಬಲೇಶ್ವರದಲ್ಲಿ, ಮದುವೆಯಾಗಿ ಹೋದದ್ದು ಬಿಜ್ಜರಗಿಗೆ, ಮೂವತ್ತು ವರ್ಷದಿಂದ ಇರುವುದು ಟಿಕೋಟಾದಲ್ಲಿ. ಈ ಮೂರೂರಿನ ನಡುವೆ ಬಸ್ಸಿನಲ್ಲಿ ಓಡಾಡಿದ್ದೇ ಆಕೆಯ ದೇಶಸಂಚಾರ. ಮಿಲಿಟರಿಗೆ ಹೋದವನು ಗಂಡ ರಾಯಪ್ಪ. ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಶ್ರೀಲಂಕಾದಲ್ಲಿ ತೀರಿಕೊಂಡ. ಅವನು ಹೋದ, ಅವನ ನೌಕರಿ ಹೆಂಡತಿಯ ಹೆಸರಿಗೆ ಅಂಟಿಕೊಂಡು ಉಳಿಯಿತು.

ಈಗ ಆಕೆಗೆ ಐವತ್ತೊಂಬತ್ತು. ಇಂದಿಗೂ ದ್ರಾಕ್ಷಿ ಸುಗ್ಗಿ ಬಂತೆಂದರೆ ಒಣದ್ರಾಕ್ಷಿಯ ಶೆಡ್ಡಿಗೆ ಹೋಗಿ ಕಡ್ಡಿ, ಕಸ ಆರಿಸುತ್ತಾಳೆ. ಬಾಯಿ ಜೋರು. ಶೆಡ್ಡಿನ ಮೇಸ್ತ್ರಿ ಹೆಣ್ಣುಮಕ್ಕಳಿಗೆ ಏನಾದರೂ ಹೆಚ್ಚುಕಮ್ಮಿ ಮಾತಾಡಿದರೆ ಎಲ್ಲರಿಗಿಂತ ಮೊದಲು ಏಳುವವಳು ಇವಳೇ. ಸುಳ್ಳು ಹೇಳುವವರನ್ನು ಕಂಡರೆ ಉರಿದುಬೀಳುತ್ತಾಳೆ. ಅಂಥ ಸೀತವ್ವ ತಾನೇ ಒಂದು ಸುಳ್ಳನ್ನು ಮೂವತ್ತೇಳು ವರ್ಷ ಸಾಕಿದ್ದಳು. ಅದೂ ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನೂ ನಂಬಿಸಿದ ಸುಳ್ಳು.

ಮಗ ಕುನಾಲ. ಟಿಕೋಟಾದಲ್ಲಿ ಮನೆಯ ಮುಂದೆಯೇ ಅವನ ಮೋಟರ್ ವೈಂಡಿಂಗ್ ಅಂಗಡಿ. ಸುತ್ತಲಿನ ಹೊಲಗಳ ಬೋರಿನ ಮೋಟರು ಸುಟ್ಟರೆ ಅವನ ಹತ್ತಿರವೇ ಬರಬೇಕು. ತಾಮ್ರದ ತಂತಿಯನ್ನು ಅವನು ಸುತ್ತುವುದನ್ನು ನೋಡಿದರೆ ಇವನಷ್ಟು ತಾಳ್ಮೆಯವನು ಇಲ್ಲ ಅನಿಸುತ್ತದೆ. ಆದರೆ ಅಪ್ಪನ ಮಾತು ತೆಗೆಯಬಾರದು, ತೆಗೆದರೆ ಅವನ ಮೋರೆಯೇ ಬೇರೆ. ಅವನ ಮನೆಯಲ್ಲಿ ಬಾಬಾಸಾಹೇಬರ ಫೋಟೋ ಇದೆ, ಬುದ್ಧನ ಫೋಟೋ ಇದೆ, ಹೆಂಡತಿಯ ತಂದೆ ತಾಯಿಯ ಫೋಟೋ ಸಹ ಇದೆ. ರಾಯಪ್ಪನದು ಇಲ್ಲ. ಅದು ಸೀತವ್ವನ ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಇದೆ. ಸಾಲೆಯಲ್ಲಿದ್ದಾಗ ಆಗಸ್ಟ್ ಹದಿನೈದಕ್ಕೆ ಮಾಸ್ತರರು ಅವನನ್ನು ಮುಂದೆ ನಿಲ್ಲಿಸಿ ‘ವೀರಯೋಧನ ಮಗ’ ಅಂದದ್ದಕ್ಕೆ ಹುಡುಗ ಅಲ್ಲಿಂದ ಓಡಿ ಮನೆಗೆ ಬಂದಿದ್ದ. "ಎರಡೂವರಿ ವರ್ಷದ ಮಗನ್ನ ಬಿಟ್ಟು ನಕ್ಕೋಂತ ಹ್ವಾದಾಂವ ಅಪ್ಪ ಹೆಂಗ ಆಗ್ತಾನ" ಎಂಬುದು ಅವನ ಒಂದೇ ಮಾತು. ನಲವತ್ತರ ಹತ್ತಿರ ಬಂದರೂ ಆ ಮಾತು ಬದಲಾಗಿರಲಿಲ್ಲ.

ನಕ್ಕೋಂತ ಹೋದ. ಊರು ಹೇಳುವುದೂ ಅದನ್ನೇ. ಬಿಜ್ಜರಗಿಯಲ್ಲಿ ಇವತ್ತಿಗೂ ಹಳಬರನ್ನು ಕೇಳಿ, ‘ರಾಯಪ್ಪ ಲಡಾಯಿಗೆ ನಕ್ಕೋಂತ ಹೋದ’ ಅನ್ನುತ್ತಾರೆ. ಸುಳ್ಳೆಂದರೆ ಅದೂ ಸುಳ್ಳಲ್ಲ. ಅವನು ನಕ್ಕಿದ್ದನ್ನು ಹನ್ನೊಂದು ಹೆಂಗಸರು ಕಣ್ಣಾರೆ ಕಂಡಿದ್ದರು. ಯಾಕೆ ನಕ್ಕ ಅನ್ನುವುದು ಮಾತ್ರ ಒಬ್ಬಳಿಗೇ ಗೊತ್ತಿತ್ತು. ಆಕೆ ಅದನ್ನು ಹೇಳಿದರೆ ಮಗನಿಗೆ ಅಪ್ಪ ಸಿಗುತ್ತಿದ್ದ, ಆಕೆಗೆ ಮಗ ತಪ್ಪುತ್ತಿದ್ದ. ಆದ್ದರಿಂದ ಬಾಯಿಗೆ ಬೀಗ ಹಾಕಿ ಕೂತಳು. ಒಳ್ಳೆಯವಳು ಅಂತ ನಾವು ಅಂದುಕೊಂಡವರೂ ಇಂಥ ಕೆಲಸ ಮಾಡುತ್ತಾರೆ, ಏನು ಮಾಡುವುದು.

ಆ ವರ್ಷ ರಾಯಪ್ಪ ಇಪ್ಪತ್ತು ದಿನದ ರಜೆಯಲ್ಲಿ ಬಿಜ್ಜರಗಿಗೆ ಬಂದಿದ್ದ. ಹೋಳಿ ಮುಗಿದು ಬಿಸಿಲು ಏರುತ್ತಿದ್ದ ದಿನಗಳು. ಹಿಂದಿನ ರಜೆಗಳಲ್ಲಿ ಕಟ್ಟೆಯ ಮೇಲೆ ಕೂತು ಪಂಜಾಬಿನ ಕಥೆ, ಮಂಜಿನ ಕಥೆ ಹೇಳಿ ಓಣಿಯನ್ನೆಲ್ಲ ನಗಿಸುತ್ತಿದ್ದವನು ಈ ಸಲ ಕಟ್ಟೆಗೆ ಹೋಗಲೇ ಇಲ್ಲ. ಮಗನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹಳ್ಳದ ಕಡೆ, ಬಾವಿಯ ಕಡೆ ತಿರುಗುತ್ತಿದ್ದ. ಪಾತ್ರೆ ಬಿದ್ದರೆ ಬೆಚ್ಚುತ್ತಿದ್ದ. ಹದಿಮೂರನೆಯ ದಿನ ಮಧ್ಯಾಹ್ನ, ಅತ್ತೆ ಮಾವ ಕೂಲಿಗೆ ಹೋಗಿದ್ದಾಗ, ಜೋಳ ಹಸನು ಮಾಡುತ್ತಿದ್ದ ಹೆಂಡತಿಯ ಎದುರು ಬಂದು ಕುಕ್ಕರಗಾಲಿನಲ್ಲಿ ಕೂತ.

"ಸೀತಾ, ನಾ ತಿರುಗಿ ಹೋಗೂದಿಲ್ಲ."

"ಎಲ್ಲಿಗ್ರಿ?"

"ಪಲ್ಟನ್‌ಗಿ. ನಾ ಒಲ್ಲೆ."

ಆಕೆ ಮೊರ ಕೆಳಗಿಟ್ಟಳು. ಅವನು ದನಿ ಏರಿಸದೆ, ಬಡಬಡ ಹೇಳಿಕೊಂಡು ಹೋದ. "ನಾವು ಲಂಕಾದಾಗ ಜಗಳಾ ಬಿಡಸಾಕ ಹ್ವಾದವ್ರು. ಈಗ ಯಾರಿಗಿ ಕಾಯಬೇಕು, ಯಾರಿಗಿ ಹೊಡೀಬೇಕು ಒಂದೂ ತಿಳಿವಲ್ದು. ಮುಂಜಾನೆ ನೀರು ಕೊಟ್ಟ ಮನಿ ಕಡಿಂದನ ಮಧ್ಯಾಹ್ನ ಗುಂಡು ಬಂತು. ನನ್ನ ಬಾಜೂಕ ನಿಂತಾಂವ ಬಿದ್ದ. ಅಲ್ಲಿ ಮಂದಿಗೂ ನಾವು ಬ್ಯಾಡ. ಮದರಾಸಿನಾಗ ಇಳದ್ರ ನಮ್ಮ ದೇಶದವ್ರ ಮಾರಿ ತಿರುವ್ತಾರ. ಯಾರಿಗಿ ಬೇಕಾಗೇತಿ ಈ ಲಡಾಯಿ?"

"ಮತ್ತ ಏನ್ ಮಾಡ್ತೀರಿ?"

"ಬಬಲೇಶ್ವರಕ್ಕ ಹೋಗೂಣು. ನಿಮ್ಮಪ್ಪನ ಜೋಡಿ ಬಾವಿ ತೋಡಾಕ ಹೋಗ್ತೀನಿ. ಹಿಡಕೊಂಡ ಹೋದ್ರ ಹೋಗ್ಲಿ, ಜೇಲಿಗಿ ಹಾಕ್ತಾರ. ಜೇಲಿನಿಂದ ಮಂದಿ ತಿರುಗಿ ಬರ್ತಾರ ಸೀತಾ. ಈ ಹುಡುಗ ಈಗರ ನನ್ನ ಗುರ್ತ ಹಿಡ್ಯಾಕತ್ತಾನ. ಇವನ್ನ ಬಿಟ್ಟು ನಾ ಹೋಗೂದಿಲ್ಲ."

ಸೀತವ್ವ ಮತ್ತೆ ಮೊರ ಎತ್ತಿಕೊಂಡಳು. ಇಪ್ಪತ್ತೆರಡು ವರ್ಷದ ಹುಡುಗಿ. ಅತ್ತ ದರಿ, ಇತ್ತ ಪುಲಿ. ಹಿಂದಿನ ವರ್ಷವಷ್ಟೇ ಕನಮಡಿ ಕಡೆಯ ಒಬ್ಬ ಸಿಪಾಯಿ ಪಲ್ಟನ್ ಬಿಟ್ಟು ಓಡಿಬಂದಿದ್ದ. ಪೊಲೀಸರು ಬಂದು ಹಗಲು ಹೊತ್ತಿನಲ್ಲೇ ಸಂತೆಯ ನಡುವೆ ಅವನನ್ನು ಕರೆದುಕೊಂಡು ಹೋಗಿದ್ದರು. ನಿಶ್ಚಯವಾಗಿದ್ದ ಅವನ ತಂಗಿಯ ಮದುವೆ ಮುರಿಯಿತು. ಅವನ ಹೆಂಡತಿ ನೀರಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ದೂರ ಸರಿಯುತ್ತಿದ್ದರಂತೆ. ಊರ ಬಾಯಿಗೆ ಮೂಗುದಾರ ಹಾಕುವವರು ಯಾರು? ಸೀತವ್ವನ ಮಾವನಂತೂ ಮಗನ ಸಮವಸ್ತ್ರದಿಂದಲೇ ಊರಲ್ಲಿ ತಲೆ ಎತ್ತಿ ನಡೆಯಲು ಕಲಿತವನು. ಮೊದಲು ಕಟ್ಟೆಯ ಕೆಳಗೆ ನಿಂತು ಮಾತಾಡುತ್ತಿದ್ದವನನ್ನು ಈಗ ‘ಬಾರೋ, ಮ್ಯಾಲೆ ಕೂಡು’ ಅನ್ನುತ್ತಿದ್ದರು. ಗಂಡ ಓಡಿಬಂದವನಾದರೆ ಅದೆಲ್ಲ ಒಂದೇ ದಿನಕ್ಕೆ ಮುಗಿಯುತ್ತಿತ್ತು.

ಅವರ ಕೇರಿಯಲ್ಲಿ ಒಂದು ಪದ್ಧತಿ ಇತ್ತು. ಪಲ್ಟನ್‌ಗೆ ಮರಳುವವನ ಬುತ್ತಿಯನ್ನು ಅವನ ಮನೆಯವರು ಒಬ್ಬರೇ ಮಾಡುವಂತಿಲ್ಲ. ಕೇರಿಯ ಹೆಂಗಸರೆಲ್ಲ ಮನೆಗೊಂದು ಸೇರು ಜೋಳದ ಹಿಟ್ಟು ತಂದು, ಅವನ ಮನೆಯಂಗಳದಲ್ಲಿ ಮೂರು ನಾಲ್ಕು ಒಲೆ ಹೂಡಿ, ತಿಂಗಳಾದರೂ ಕೆಡದ ಕಟಕ ರೊಟ್ಟಿ ಬಡಿಯಬೇಕು. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ಎಲ್ಲ ಸೇರಿಸಿ ಧೋತರದಲ್ಲಿ ಕಟ್ಟಿದರೆಂದರೆ ಆ ಗಂಟು ಊರ ಸೀಮೆ ದಾಟಿದ ಮೇಲೆಯೇ ಬಿಚ್ಚಬೇಕು. ಕೇರಿ ಕಟ್ಟಿದ ಬುತ್ತಿ ಊರೊಳಗೆ ಬಿಚ್ಚಿದರೆ ಕೇರಿಗೆ ಸಾವು ಬರುತ್ತದೆಂದು ನಂಬಿಕೆ. ಯಾವ ಸರ್ಕಾರದ ಕಾಯಿದೆಯೂ ಅಷ್ಟು ಬಿಗಿಯಿರಲಿಲ್ಲ.

ಮರುದಿನ ಬೆಳಿಗ್ಗೆ ರಾಯಪ್ಪ ಮಗನನ್ನು ಎತ್ತಿಕೊಂಡು ಬಾವಿಗೆ ಈಜಲು ಹೋದ. ಸೀತವ್ವ ಸೆರಗು ಸರಿ ಮಾಡಿಕೊಂಡು ಪಕ್ಕದ ಮನೆಯ ಗುರುಸಿದ್ದವ್ವನ ಬಾಗಿಲಿಗೆ ಹೋದಳು.

"ಯಕ್ಕಾ, ಇವರಿಗೆ ಕರೆ ಬಂದೈತಿ. ನಾಳೆ ಹೊಂಟಾರ. ರೊಟ್ಟಿ ಬಡಿಯಾಕ ಬರ್ರಿ."

ಇಷ್ಟೇ. ಜಗಳ ಮಾಡಲಿಲ್ಲ, ಅಳಲಿಲ್ಲ, ಗಂಡನಿಗೆ ಎದುರಾಡಲಿಲ್ಲ. ಬಂದಿರದ ಕರೆಯೊಂದನ್ನು ಹುಟ್ಟಿಸಿ ಹೇಳಿದಳು. ರಜೆ ಇನ್ನೂ ಆರು ದಿನ ಉಳಿದಿತ್ತು. ಆರು ದಿನ ಬಿಟ್ಟರೆ ಅವನ ಮನಸ್ಸು ಗಟ್ಟಿಯಾಗಿಬಿಡುತ್ತದೆ ಎಂಬ ಹೆದರಿಕೆ ಆಕೆಗೆ.

ರಾಯಪ್ಪ ಒದ್ದೆ ತಲೆಯಲ್ಲಿ, ಹೆಗಲ ಮೇಲೆ ಕುನಾಲನನ್ನು ಕೂಡಿಸಿಕೊಂಡು ಬಂದಾಗ ಅಂಗಳದ ತುಂಬ ಹೊಗೆ. ಹನ್ನೊಂದು ಹೆಂಗಸರು ಪಟಪಟನೆ ರೊಟ್ಟಿ ಬಡಿಯುತ್ತಿದ್ದರು. ತಮ್ಮ ಮಕ್ಕಳಿಗೆ ಅಂದು ಹಿಟ್ಟು ಉಳಿಯಿತೋ ಇಲ್ಲವೋ, ಇವನಿಗಾಗಿ ತಂದಿದ್ದರು. ಗುರುಸಿದ್ದವ್ವ ತಲೆ ಎತ್ತಿ, "ಬಾರೋ ರಾಯಪ್ಪ, ಸರಕಾರಕ್ಕ ನಿನ್ನ ಬಿಟ್ರ ಗತಿ ಇಲ್ಲ ನೋಡು!" ಎಂದು ಚೇಷ್ಟೆ ಮಾಡಿದಳು. ಎಲ್ಲರೂ ನಕ್ಕರು. ರಾಯಪ್ಪ ಬಾಗಿಲಲ್ಲಿ ನಿಂತು ಒಲೆಗಳನ್ನು ನೋಡಿದ, ರೊಟ್ಟಿಯ ಸಾಲು ನೋಡಿದ, ಕೊನೆಗೆ ಹೆಂಡತಿಯನ್ನು ನೋಡಿದ. ಆಗ ನಕ್ಕ. ಒಮ್ಮೆ ಒಲ್ಲೆ ಅನ್ನುವುದಕ್ಕೇ ಅವನಿಗೆ ಇಷ್ಟು ವರ್ಷ ಬೇಕಾಗಿತ್ತು. ಆ ಹಿಟ್ಟಿನ ಕೈಗಳ ಮುಂದೆ ಎರಡನೆಯ ಸಲ ಹೇಗೆ ಅಂದಾನು? ಮಗನನ್ನು ಇಳಿಸಿ ಆಕೆಯ ಕೈಗೆ ಕೊಟ್ಟು, "ಟ್ರಂಕ ಎಲ್ಲೈತಿ?" ಎಂದು ಕೇಳಿದ.

ಆಮೇಲೆ ಅವನು ಆಕೆಯ ಹತ್ತಿರ ಆ ವಿಷಯ ಎತ್ತಲಿಲ್ಲ, ಬೈಯಲಿಲ್ಲ. ಮರುದಿನ ಟಿಕೋಟಾದ ಬಸ್ಸು ಹತ್ತಿ, ವಿಜಯಪುರದಲ್ಲಿ ಸೊಲ್ಲಾಪುರದ ರೈಲು ಹಿಡಿದು ಹೋದ. ನಲವತ್ತನೆಯ ದಿನಕ್ಕೆ ಅಂಚೆಯ ಬುಡ್ಡೇಸಾಬ ತಾರು ತಂದ. ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, ಓದಿ ಹೇಳಲಾರದೆ, ತಲೆಯ ಮೇಲಿನ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಆ ಕಾಲಕ್ಕೆ ಹೆಣ ಊರಿಗೆ ತರುವ ವ್ಯವಸ್ಥೆ ಈಗಿನಂತೆ ಇರಲಿಲ್ಲ. ಅಲ್ಲೇ ಸುಟ್ಟರು. ಮನೆಗೆ ಬಂದದ್ದು ಕರೀ ಟ್ರಂಕು, ಒಂದು ಮಡಕೆಯಲ್ಲಿ ಬೂದಿ. ಮೆರವಣಿಗೆ ಇಲ್ಲ, ಬಾವುಟ ಇಲ್ಲ. ಪೇಪರಿನಲ್ಲಿ ಒಂದು ಸಾಲೂ ಬರಲಿಲ್ಲ. ಯಾರಿಗೂ ಬೇಡವಾದ ಯುದ್ಧದಲ್ಲಿ ಸತ್ತವರನ್ನು ಯಾರು ನೆನಪಿಡುತ್ತಾರೆ?

ಕುನಾಲನಿಗೆ ಹತ್ತು ವರ್ಷವಾದಾಗ ಒಮ್ಮೆ ಕೇಳಿದ, "ಯವ್ವಾ, ಅಪ್ಪಗ ಹೋಗಾಕ ಮನಸಿತ್ತೇನ?" ಅದೊಂದು ಗಳಿಗೆ ಇತ್ತು. ಹೇಳಿದ್ದರೆ ಮುಗಿದುಹೋಗುತ್ತಿತ್ತು. ಸೀತವ್ವ ಒಲೆಯ ಕಡೆ ತಿರುಗಿ, "ನಕ್ಕೋಂತ ಹ್ವಾದ್ರಪ್ಪಾ" ಅಂದಳು. ಹುಡುಗ ಆ ಮಾತನ್ನು ಹಿಡಿದುಕೊಂಡು ಬೆಳೆದ.

ಈಗ ಮೊನ್ನೆಯ ಮಾತಿಗೆ ಬರೋಣ. ಕುನಾಲನ ಮಗಳು ಗೌತಮಿ ವಿಜಯಪುರದ ಒಂದು ಕಾಲೇಜಿನಲ್ಲಿ ಪಿಯುಸಿ ಎರಡನೆಯ ವರ್ಷ ಓದುತ್ತಾಳೆ. ಟಿಕೋಟಾದಿಂದ ದಿನಾ ಬಸ್ಸು. ಅಜ್ಜಿಯ ಬಾಯಿ, ಅಪ್ಪನ ಹಠ ಎರಡನ್ನೂ ಹೊತ್ತುಕೊಂಡು ಹುಟ್ಟಿದವಳು. ಬೇಸಿಗೆಯಲ್ಲಿ ಗಡಿಯ ಕಡೆ ಗುಂಡು ಹಾರಿದ ಮೇಲೆ ಟಿವಿಯಲ್ಲಿ ಯುದ್ಧದ ಮಾತೇ ಮಾತು. ಕೂತಲ್ಲಿ ಕೂತು ಯುದ್ಧ ಗೆಲ್ಲುವವರಿಗೆ ನಮ್ಮಲ್ಲಿ ಬರವಿಲ್ಲ. ಅದೇ ಬಿಸಿಯಲ್ಲಿ ಕಾಲೇಜಿನವರು ಚರ್ಚಾಸ್ಪರ್ಧೆ ಇಟ್ಟರು. ವಿಷಯ: ‘ಜನ ಒಪ್ಪದ ಯುದ್ಧಕ್ಕೂ ಯುವಕರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸಬಹುದೇ?’ ಚೀಟಿ ಎತ್ತಿದಾಗ ಗೌತಮಿಗೆ ‘ಸೇರಿಸಬಹುದು’ ಎಂಬ ಪಕ್ಷ ಬಂತು. ಅವಳ ಜೀವದ ಗೆಳತಿ ಸಮ್ರೀನಳಿಗೆ ‘ಸೇರಿಸಬಾರದು’ ಎಂದು.

"ಆಯಿ, ಮುತ್ಯಾಂದು ಎಲ್ಲಾ ಹೇಳು, ಭಾಷಣದಾಗ ಹಾಕ್ತೀನಿ" ಎಂದು ಗೌತಮಿ ಅಜ್ಜಿಯ ಬೆನ್ನು ಹತ್ತಿದಳು.

"ಅವರನ್ನ ಯಾಕ ಎಳೀತಿ ಬೇ ಅದರಾಗ? ಬ್ಯಾರೆ ಏನರ ಬರಕೋ."

"ಎಲ್ಲಾರೂ ಪುಸ್ತಕದಾಗಿಂದು ಹೇಳ್ತಾರ. ನಂದು ಮನ್ಯಾಗಿಂದು."

ಅಷ್ಟರ ಮೇಲೆ ಕಾಲೇಜಿನ ಆರತಿ ಮೇಡಮ್ಮರ ಫೋನು ಬಂತು. ಯೋಧನ ಪತ್ನಿಯೇ ಬಂದು ಬಹುಮಾನ ಕೊಡಬೇಕು, ಇಲ್ಲ ಅನ್ನಬಾರದು ಎಂದರು. ಸೀತವ್ವ ಮಗನ ಮುಖ ನೋಡಿದಳು. ಕುನಾಲ ಸುಟ್ಟ ಮೋಟರಿನಿಂದ ಕರಕು ತಂತಿ ಕೀಳುತ್ತಾ, "ಹೋಗು. ನನಗೊಬ್ಬಗ ಕರೀಬ್ಯಾಡ್ರಿ" ಅಂದ.

ಸಭಾಗೃಹದಲ್ಲಿ ಮುನ್ನೂರು ಮಕ್ಕಳಿದ್ದರು. ಸೀತವ್ವನಿಗೆ ಶಾಲು ಹೊದಿಸಿ ಮುಂದಿನ ಕುರ್ಚಿಯಲ್ಲಿ ಕೂಡಿಸಿದರು. ಗೌತಮಿ ಎದ್ದು ನಿಂತಾಗ ಅಜ್ಜಿಗೆ ಹೆಮ್ಮೆ ಆಗಲಿಲ್ಲವೆಂದರೆ ಸುಳ್ಳಾಗುತ್ತದೆ.

"ಈಗ ಕಡ್ಡಾಯ ಇಲ್ಲ ಅನ್ನುತ್ತೀರಿ. ಆದರೆ ಈಗ ಹೋಗುವವರು ಯಾರು?" ಎಂದು ಗೌತಮಿ ಶುರು ಮಾಡಿದಳು. "ನಮ್ಮ ಕೇರಿಯವರು, ಒಣಭೂಮಿಯವರು, ಬೇರೆ ನೌಕರಿ ಸಿಗದವರು. ಹಸಿವೆ ಕಡ್ಡಾಯ ಮಾಡಿದೆ, ಕಾಯಿದೆ ಮಾಡಿಲ್ಲ ಅಷ್ಟೆ. ಯುದ್ಧ ಬೇಕು ಅನ್ನುವವರ ಮಗನೂ ಹೋಗಬೇಕು ಅಂತ ಆದರೆ, ಬೇಡದ ಯುದ್ಧಗಳು ತಾವಾಗಿಯೇ ಕಡಿಮೆ ಆಗುತ್ತವೆ. ಹೊರೆ ಎಲ್ಲರ ತಲೆಗೂ ಬರಲಿ." ಮಕ್ಕಳು ಹೋ ಎಂದರು. ಮಾತು ಖರೇ ಇತ್ತು. ಸೀತವ್ವನೂ ತಲೆ ಅಲ್ಲಾಡಿಸಿದಳು.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಗೌತಮಿ ಅಜ್ಜಿಯ ಕಡೆ ಕೈ ತೋರಿಸಿದಳು. "ನನ್ನ ಮುತ್ಯಾ ಶ್ರೀಲಂಕಾದಲ್ಲಿ ತೀರಿಕೊಂಡರು. ಆ ಯುದ್ಧವನ್ನು ಯಾರೂ ಒಪ್ಪಿರಲಿಲ್ಲ. ಆದರೂ ನಗುನಗುತ್ತಾ ಹೋದರು. ಇಪ್ಪತ್ತೆರಡು ವರ್ಷದ ನನ್ನ ಆಯಿ ತನ್ನ ಕೈಯಿಂದ ಬುತ್ತಿ ಕಟ್ಟಿ ಕಳಿಸಿದರು. ಮನೆಗೊಬ್ಬಳು ಇಂಥ ಹೆಂಗಸು ಇದ್ದರೆ ಕಾಯಿದೆಯ ಅಗತ್ಯವೂ ಇಲ್ಲ!" ಚಪ್ಪಾಳೆಗೆ ತಗಡಿನ ಚಾವಣಿ ಅದುರಿತು. ಸೀತವ್ವ ತಲೆ ತಗ್ಗಿಸಿದಳು.

ಸಮ್ರೀನ ಸಣ್ಣ ದನಿಯ ಹುಡುಗಿ. ಮೈಕಿನ ಹತ್ತಿರ ಬಂದು ಮೊದಲು ಸೀತವ್ವನಿಗೆ ಕೈ ಮುಗಿದಳು. "ಯುದ್ಧ ನ್ಯಾಯದ್ದಾದರೆ ಜನ ತಾವಾಗಿ ಬರುತ್ತಾರೆ. ಬರಲಿಲ್ಲ ಅಂದರೆ ಅದೇ ಜನರ ಉತ್ತರ, ಅದನ್ನು ಸರ್ಕಾರ ಕೇಳಬೇಕು. ಇನ್ನೊಂದು ಮಾತು. ಒಲ್ಲೆ ಅಂದವನನ್ನು ಎಳೆಯೋದಕ್ಕೆ ಕಾಯಿದೆಗೆ ಕೈ ಇರೋದಿಲ್ಲ. ಪಕ್ಕದ ಮನೆಯವರ ಕೈ, ಅಣ್ಣತಮ್ಮಂದಿರ ಕೈ, ಹೆತ್ತವರ ಕೈ ಬೇಕಾಗುತ್ತದೆ. ಅವನು ಸತ್ತರೆ ಸರ್ಕಾರ ಮರೆತುಬಿಡುತ್ತದೆ. ಆ ಕೈಗಳು ಮರೆಯೋದು ಹೇಗೆ?" ನಂತರ ಗೆಳತಿಯ ಕಡೆ ತಿರುಗಿ ಪ್ರಶ್ನೆ ಹಾಕಿದಳು: "ಗೌತಮಿ, ನಿನ್ನ ಮುತ್ಯಾ ಒಲ್ಲೆ ಅಂದಿದ್ದರೆ, ಆಗಲೂ ಕಳಿಸೋದು ಸರಿಯೇ?"

"ಅವರು ಒಲ್ಲೆ ಅಂದೇ ಇಲ್ಲ!" ಗೌತಮಿ ಸಿಡಿದಳು. "ನಮ್ಮ ಆಯಿ ಇಲ್ಲೇ ಕೂತಾರ, ಬೇಕಾದ್ರ ಅವರನ್ನ ಕೇಳ್ರಿ."

ಎಲ್ಲರ ಕಣ್ಣೂ ಮುಂದಿನ ಕುರ್ಚಿಯ ಮೇಲೆ ಬಿದ್ದವು. ಆರತಿ ಮೇಡಮ್ಮರು ನಗುತ್ತಾ ಮೈಕನ್ನು ಆಕೆಯ ಕೈಗೇ ತಂದುಕೊಟ್ಟರು. ‘ಇಲ್ಲ, ಅನ್ನಲಿಲ್ಲ’ ಎಂದರೆ ಸಾಕಿತ್ತು. ಮೊಮ್ಮಗಳು ಗೆಲ್ಲುತ್ತಿದ್ದಳು, ಮಧ್ಯಾಹ್ನದ ಬಸ್ಸಿಗೆ ಮನೆ ಸೇರಬಹುದಿತ್ತು. ಸೀತವ್ವ ಎದ್ದು ನಿಂತಳು. ಎದುರಿಗೆ ಮುನ್ನೂರು ಎಳೆಯ ಮುಖಗಳು, ಮೀಸೆ ಚಿಗುರುತ್ತಿರುವ ಹುಡುಗರು. ನಾಳೆ ಇವರಲ್ಲಿ ಯಾರೋ ಒಬ್ಬ ತನ್ನ ಮನೆಯ ಹೆಂಗಸಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಲ್ಲೆ ಅಂದರೆ ಆಕೆ ಏನು ಮಾಡುತ್ತಾಳೆ? ಸೀತವ್ವನ ಬಾಯಿಂದ ಮಾತು ಹೊರಟೇಬಿಟ್ಟಿತು.

"ಈ ಹುಡುಗಿ ಹೇಳಿದ್ದು ಸುಳ್ಳೈತ್ರಿ. ಅಕೀದು ತಪ್ಪಿಲ್ಲ, ಆ ಸುಳ್ಳು ನಂದು. ಅವ್ರು ಒಲ್ಲೆ ಅಂದಿದ್ರು. ನನ್ನ ಮುಂದ ಕುಂತು, ಮಗನ್ನ ಬಿಟ್ಟು ನಾ ಹೋಗೂದಿಲ್ಲ ಅಂದಿದ್ರು. ಮಂದಿ ಏನಂದಾರು ಅಂತ ನಾ ಅಂಜಿದೆ. ಬಾರದ ಕರೆ ಬಂದೈತಿ ಅಂತ ಕೇರಿಗೆಲ್ಲಾ ಹೇಳಿ ರೊಟ್ಟಿ ಬಡಿಸಿದೆ. ಆ ರೊಟ್ಟಿ ನೋಡಿ ಅವರಿಗೆ ಇಲ್ಲ ಅನ್ನಾಕ ಆಗಲಿಲ್ಲ. ಅವರನ್ನ ಸರಕಾರ ಎಳದಿಲ್ರಿ, ನಾ ಎಳದೀನಿ. ನೀವು ಹಿಂಗ ಮಾಡಬ್ಯಾಡ್ರಿ."

ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಇನ್ನೊಬ್ಬರು ತಟ್ಟಿದರು. ಆಮೇಲೆ ಇಡೀ ಸಭೆ ಎದ್ದು ನಿಂತು ಚಪ್ಪಾಳೆ! ಅಂಜಿದ ಗಂಡನನ್ನೂ ದೇಶಕ್ಕಾಗಿ ಯುದ್ಧಕ್ಕೆ ಕಳಿಸಿದ ತಾಯಿ ಅಂತ ಅವರು ತಿಳಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಒಬ್ಬ ಹುಡುಗ ‘ವೀರನಾರಿ ಸೀತವ್ವಗ’ ಎಂದು ಕೂಗಿದ, ಮಿಕ್ಕವರು ‘ಜಯವಾಗಲಿ’ ಎಂದರು. ನೂರು ಫೋನು ಮೇಲೆದ್ದವು. ಆರತಿ ಮೇಡಮ್ಮರು ಕಣ್ಣೊರೆಸಿಕೊಂಡು ಕಾಲಿಗೆ ನಮಸ್ಕಾರ ಮಾಡಲು ಬಗ್ಗಿದರು. ಸೀತವ್ವ "ಬ್ಯಾಡ್ರಿ, ನಾ ಹೇಳಿದ್ದು ಅದಲ್ರಿ" ಎಂದಳು. ಮೈಕು ಅಷ್ಟರಲ್ಲಿ ಬೇರೆಯವರ ಕೈಗೆ ಹೋಗಿತ್ತು. ಮೂವತ್ತೇಳು ವರ್ಷ ಹೊತ್ತ ಪಾಪವನ್ನು ಬಾಯಿಬಿಟ್ಟು ಒಪ್ಪಿಕೊಂಡರೂ ಯಾರೂ ಅದನ್ನು ಪಾಪ ಅನ್ನಲಿಲ್ಲ. ಅದಕ್ಕಿಂತ ದೊಡ್ಡ ಶಿಕ್ಷೆ ಆಕೆಗೆ ಬೇರೆ ಇರಲಿಲ್ಲ.

ಇಬ್ಬರು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ಸಮ್ರೀನ ಒಂದು ಲೋಟ ನೀರು ತಂದು ಆಕೆಯ ಕೈಗೆ ಕೊಟ್ಟು, ಕುಡಿಯುವವರೆಗೆ ಪಕ್ಕದಲ್ಲೇ ನಿಂತಳು. ಗೌತಮಿ ವೇದಿಕೆಯ ಮೇಲೆ ಬರೆದ ಹಾಳೆ ಹಿಡಿದುಕೊಂಡು ನಿಂತೇ ಇದ್ದಳು. ಮೊದಲ ಬಹುಮಾನ ಅವಳಿಗೇ ಬಂತು. ಅಜ್ಜಿ ಕಪ್ಪು ಕೊಡುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಟಿಕೋಟಾದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಗೌತಮಿ ಅರಕೇರಿಯ ಕಡೆ ಹೋಗುವ ದಾರಿ ಹಿಂದೆ ಬೀಳುವವರೆಗೆ ಹೊರಗೇ ನೋಡುತ್ತಿದ್ದಳು. ಆಮೇಲೆ ಕೇಳಿದಳು.

"ಆಯಿ, ಅಪ್ಪಗ ಇದು ಗೊತ್ತೈತೇನ?"

"ಇಲ್ಲ."

"ಅಪ್ಪ ಇಷ್ಟ ದಿನ ಮುತ್ಯಾಗ ಬೈಯ್ಕೋಂತ ಬಂದಾನಲ್ಲ. ನೀ ಬಾಜೂಕ ಕುಂತು ಕೇಳ್ತಿದ್ದಿ."

"ಹೂಂ. ಕೇಳ್ತಿದ್ದೆ."

ಗೌತಮಿ ಬಿಕ್ಕಿ ಬಿಕ್ಕಿ ಅತ್ತಳು. ಸೀತವ್ವ ಅವಳ ಬೆನ್ನ ಮೇಲೆ ಕೈ ಇಡಲು ಹೋಗಿ, ಇಡದೆ ಹಿಂದೆಗೆದಳು. ಮನೆಗೆ ಹೋದ ಕೂಡಲೇ ತಾನೇ ಮಗನಿಗೆ ಹೇಳಬೇಕು, ಬೇರೆ ಯಾರೂ ಹೇಳಬಾರದು ಎಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡಳು.

ಬಸ್ಸಿಗಿಂತ ಫೋನು ಜೋರು. ಅವರು ಟಿಕೋಟಾದಲ್ಲಿ ಇಳಿಯುವುದರೊಳಗೆ ಚಹಾದಂಗಡಿಯವನು ಎದ್ದು ಬಂದು, "ಸೀತವ್ವಾ, ಊರಿನ ಹೆಸರು ತಂದಿ ನೋಡು!" ಎಂದು ತನ್ನ ಫೋನು ತೋರಿಸಿದ. ಅದರಲ್ಲಿ ಆಕೆ ಶಾಲು ಹೊದ್ದು ನಿಂತಿದ್ದಳು. ಸೀತವ್ವ ಓಡುವಂತೆ ಮನೆಯ ಕಡೆ ನಡೆದಳು.

ಹೊತ್ತು ಇನ್ನೂ ಮುಳುಗಿರಲಿಲ್ಲ. ಕುನಾಲ ಅಂಗಡಿಯ ಮುಂದೆ, ಬಿಚ್ಚಿ ಹಾಕಿದ ಮೋಟರುಗಳ ನಡುವೆ ನೆಲಕ್ಕೆ ಕೂತಿದ್ದ. ಕೈಯಲ್ಲಿ ಫೋನು. ಸೊಸೆ ಬಾಗಿಲಲ್ಲಿ ನಿಂತು, ಒಳಗೆ ಹೋಗಿರಿ ಎಂದು ಕಣ್ಣಲ್ಲೇ ಹೇಳಿದಳು. ಅವನು ತಲೆ ಎತ್ತಲಿಲ್ಲ. ಸೀತವ್ವ ಬೈಗುಳಕ್ಕೆ ತಯಾರಾಗಿ ನಿಂತಳು. ಬೈಯಲಿ, ಮನೆ ಬಿಟ್ಟು ಹೋಗು ಅನ್ನಲಿ, ಏನಾದರೂ ಅನ್ನಲಿ. ಅವನು ಫೋನಿನ ಮೇಲೆ ಬೆರಳಿಟ್ಟ. ಆಕೆಯದೇ ದನಿ ಬಂತು: "...ಮಗನ್ನ ಬಿಟ್ಟು ನಾ ಹೋಗೂದಿಲ್ಲ ಅಂದಿದ್ರು." ಅಷ್ಟಕ್ಕೇ ನಿಲ್ಲಿಸಿದ. ಮತ್ತೆ ಹಿಂದೆ ಸರಿಸಿ ಮತ್ತೆ ಹಚ್ಚಿದ. "ಮಗನ್ನ ಬಿಟ್ಟು ನಾ ಹೋಗೂದಿಲ್ಲ ಅಂದಿದ್ರು." ಮತ್ತೆ. ರೊಟ್ಟಿಯ ಮಾತಿನವರೆಗೂ ಹೋಗುತ್ತಿರಲಿಲ್ಲ, ಚಪ್ಪಾಳೆಯವರೆಗೂ ಹೋಗುತ್ತಿರಲಿಲ್ಲ. ಆ ಒಂದು ಮಾತಿನ ಮೇಲೇ ಬೆರಳು. ಮೂವತ್ತೊಂಬತ್ತು ವರ್ಷದ ಗಂಡಸು, ತಲೆಯಲ್ಲಿ ಅಲ್ಲಲ್ಲಿ ನೆರೆ. ಮೂಗು ಸುರಿಯುತ್ತಿದ್ದರೂ ಒರೆಸಿಕೊಳ್ಳದೆ ಕೇಳುತ್ತಿದ್ದ.

ಸೀತವ್ವ ಆ ಬೆರಳನ್ನೇ ನೋಡಿದಳು. ಈ ಹುಡುಗನಿಗೆ ಬೇಕಾಗಿದ್ದದ್ದು ಇಷ್ಟೇ. ಹತ್ತು ವರ್ಷದವನಿದ್ದಾಗ ಕೇಳಿದ್ದೂ ಇದನ್ನೇ. ಅಂದು ಕೊಟ್ಟಿದ್ದರೆ ಇಷ್ಟು ವರ್ಷ ಅಪ್ಪನನ್ನು ಪ್ರೀತಿಸಿಕೊಂಡು ಬೆಳೆಯುತ್ತಿದ್ದ. ಸತ್ತವನನ್ನು ತಾನು ಎರಡು ಸಲ ಕಳಿಸಿದ್ದಳು, ಒಮ್ಮೆ ಲಡಾಯಿಗೆ, ಒಮ್ಮೆ ಮಗನ ಮನಸ್ಸಿನಿಂದ ಹೊರಗೆ. ಎರಡನೆಯದಕ್ಕೆ ಊರಿನ ಹೆದರಿಕೆಯ ನೆಪವೂ ಇರಲಿಲ್ಲ.

ಮೊಣಕಾಲು ಹಿಡಿದುಕೊಂಡು ಆಕೆ ಮಗನ ಎದುರು ನೆಲಕ್ಕೆ ಕೂತಳು.

"ಅದರಾಗ ಅಷ್ಟ ಐತಿ ಕುನಾಲ. ನಿನ್ನ ಬಗ್ಗೆ ಇನ್ನೂ ಅಂದಿದ್ರು. ನಾ ಯಾರ ಮುಂದೂ ಹೇಳಿಲ್ಲ. ಕೇಳ್ತಿ?"

ಕುನಾಲ ಫೋನನ್ನು ಬೋರಲು ಹಾಕಿ ನೆಲಕ್ಕಿಟ್ಟ. ಆಕೆಯ ಮುಖ ನೋಡಲಿಲ್ಲ.

"ಹೇಳು" ಅಂದ. ಯವ್ವಾ ಅನ್ನಲಿಲ್ಲ.